ವರಸೆ ಗೊತ್ತಿಲ್ಲದ ಆಟ

ಅಲ್ಲಾಳಸಂದ್ರದ ಹಳೆಯ ಒಕ್ಕಲುಮನೆಯೊಂದರ ವಂಶಾವಳಿಯನ್ನು ಇದ್ದದ್ದು ಇದ್ದಹಾಗೆ ‘ದಿ ಸಿಮ್ಸ್ 4’ ಆಟದೊಳಗೆ ಕಟ್ಟಲು ಕೂತರೆ ಕೆಲಸ ಎರಡನೆಯ ತಲೆಮಾರಿಗೇ ನಿಲ್ಲುತ್ತದೆ. ಅಕ್ಕನ ಮಗಳನ್ನು ತಂದುಕೊಂಡ ತಾತನ ಮದುವೆ ಅಲ್ಲಿ ಆಗುವುದಿಲ್ಲ. ಸೋದರತ್ತೆಯ ಮಗನಿಗೆ ಕೊಟ್ಟ ಹಿರಿಮಗಳ ಮದುವೆಯೂ ಆಗುವುದಿಲ್ಲ. ಆಟ ಗದರುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಆ ಇಬ್ಬರು ಎದುರುಬದುರು ನಿಂತಾಗ ಪ್ರಣಯದ ಆಯ್ಕೆಗಳ ಪಟ್ಟಿಯೇ ತೆರೆದುಕೊಳ್ಳುವುದಿಲ್ಲ, ಅಷ್ಟೆ. ಧಾರೆ ಎರೆಯುವುದು ದೂರದ ಮಾತು, ಒಂದು ಗುಲಾಬಿ ಕೊಡಲಿಕ್ಕೂ ದಾರಿಯಿಲ್ಲ.

ಬಳ್ಳಾರಿ ರಸ್ತೆಯ ಮಗ್ಗುಲಲ್ಲಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕೂ ಜಕ್ಕೂರಿನ ವಿಮಾನ ತರಬೇತಿ ನೆಲಕ್ಕೂ ನೆರೆಯಾಗಿ, ತನ್ನದೇ ಒಂದು ಕೆರೆ ಇಟ್ಟುಕೊಂಡಿರುವ ಊರು ಅಲ್ಲಾಳಸಂದ್ರ. ಯಲಹಂಕ ಸೀಮೆಯ ಇಂಥ ಊರುಗಳಲ್ಲಿ ಮದುವೆಯ ಮಾತು ಶುರುವಾಗುತ್ತಿದ್ದುದು ಜಾತಕದಿಂದಲ್ಲ, ‘ವರಸೆ ಆಗುತ್ತದಾ’ ಎಂಬ ಪ್ರಶ್ನೆಯಿಂದ. ವಾವೆ ವರಸೆ ಕೂಡಿಬಂದರೆ ಮಿಕ್ಕದ್ದೆಲ್ಲ ಆಮೇಲೆ. ವರಸೆಗೆ ಬರುವ ಹುಡುಗಿ ಮನೆಯಲ್ಲೇ ಇರುವಾಗ ಹೊರಗೆ ಹೆಣ್ಣು ನೋಡಲು ಹೋದ ಗಂಡಿನ ಕಡೆಯವರ ಮೇಲೆ ನೆಂಟರು ಮುನಿಸಿಕೊಂಡ ಸಂದರ್ಭಗಳನ್ನು ಹಳಬರು ಈಗಲೂ ನೆನೆಯುತ್ತಾರೆ. ಸೋದರಮಾವನಿಗೆ ಅಕ್ಕನ ಮಗಳ ಮೇಲೆ ‘ಹಕ್ಕು’ ಇದೆ ಎಂಬ ಮಾತು ತಮಾಷೆಗೆ ಹುಟ್ಟಿದ್ದಲ್ಲ.

ಈ ಹಕ್ಕನ್ನು ಗುರುತಿಸದ ಆಟ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. ವಿಲ್ ರೈಟ್ ಎಂಬ ವಿನ್ಯಾಸಕನ ಮನೆ 1991ರ ಓಕ್ಲೆಂಡ್ ಬೆಂಕಿಯಲ್ಲಿ ಸುಟ್ಟುಹೋಯಿತು. ಮತ್ತೆ ಮನೆ ಕಟ್ಟುತ್ತ, ಮನುಷ್ಯನಿಗೆ ಬದುಕಲು ಏನೇನು ಬೇಕು ಎಂದು ಯೋಚಿಸುತ್ತ ಆತ ಕಂಡುಕೊಂಡ ಆಟವನ್ನು ಮ್ಯಾಕ್ಸಿಸ್ ಕಂಪನಿ 2000ದ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿತು. ಗೆಲುವಿಲ್ಲ, ಸೋಲಿಲ್ಲ, ‘ಸಿಮ್’ ಎಂಬ ಪುಟ್ಟ ಮನುಷ್ಯರು ಉಣ್ಣುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಜಗಳವಾಡುತ್ತಾರೆ. ಮೊದಲ ಆಟದಲ್ಲಿ ಯಾರಿಗೂ ವಯಸ್ಸಾಗುತ್ತಿರಲಿಲ್ಲ, ಆದ್ದರಿಂದ ನೆಂಟಸ್ತಿಕೆಯ ತಲೆನೋವೂ ಇರಲಿಲ್ಲ. 2004ರ ‘ಸಿಮ್ಸ್ 2’ರಲ್ಲಿ ಮುಪ್ಪು, ಮುಪ್ಪಿನ ಸಾವು, ವಂಶವೃಕ್ಷ ಎಲ್ಲವೂ ಬಂದವು. ವಂಶವೃಕ್ಷ ಬಂದ ಮೇಲೆ ಯಾರು ಯಾರನ್ನು ಕಟ್ಟಿಕೊಳ್ಳಬಹುದು ಎಂದು ಯಾರಾದರೂ ಬರೆದಿಡಲೇಬೇಕು. ನಮ್ಮಲ್ಲಿ ಅದನ್ನು ಧರ್ಮಸೂತ್ರಕಾರರು, ಕಟ್ಟೆಮನೆಯ ಯಜಮಾನರು, ಅಜ್ಜಿಯರು ಬರೆದರು ಅಥವಾ ಬಾಯಲ್ಲಿ ಕಾದರು. ಅಲ್ಲಿ ಅದನ್ನು ಬರೆದವರು ಪ್ರೋಗ್ರಾಮರುಗಳು.

ಅವರು ಬರೆದ ಕಟ್ಟಳೆ ಸರಳ. ತಂದೆತಾಯಿ, ಅಜ್ಜಅಜ್ಜಿ, ಒಡಹುಟ್ಟಿದವರು, ತಂದೆತಾಯಿಯರ ಒಡಹುಟ್ಟಿದವರು, ಅವರ ಮಕ್ಕಳು, ಇಷ್ಟು ಜನ ನಿಷಿದ್ಧ. ಅದರಾಚೆ ಎಲ್ಲರೂ ಅನ್ಯರು, ಯಾರನ್ನಾದರೂ ಮದುವೆಯಾಗಬಹುದು. ಇದರಲ್ಲೊಂದು ವಿನೋದವಿದೆ. ಆಟ ಹುಟ್ಟಿದ ಕ್ಯಾಲಿಫೋರ್ನಿಯಾದಲ್ಲಿ ಚಿಕ್ಕಪ್ಪ, ಮಾವಂದಿರ ಮಕ್ಕಳನ್ನು ಮದುವೆಯಾಗುವುದು ಕಾನೂನುಬದ್ಧ. ಅಮೆರಿಕದ ಹಲವು ರಾಜ್ಯಗಳು ಅದನ್ನು ನಿಷೇಧಿಸಿವೆ, ಕ್ಯಾನ್ಸಸ್ 1858ರಷ್ಟು ಹಿಂದೆಯೇ ಆ ದಾರಿ ಹಿಡಿಯಿತು, ಆದರೆ ಕ್ಯಾಲಿಫೋರ್ನಿಯಾ ಹಿಡಿಯಲಿಲ್ಲ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಕೈಹಿಡಿದ ಎಮ್ಮಾ ವೆಜ್‌ವುಡ್ ಆತನ ತಾಯಿಯ ಒಡಹುಟ್ಟಿದವನ ಮಗಳು. ಯಲಹಂಕದ ಯಾವ ಅಜ್ಜಿಯನ್ನು ಕೇಳಿದರೂ ಅದು ಹೇಳಿಮಾಡಿಸಿದ ವರಸೆ. ಸಿಮ್ಸ್ ಆಟದಲ್ಲಿ ಮಾತ್ರ ಡಾರ್ವಿನ್ ಬ್ರಹ್ಮಚಾರಿಯಾಗಿ ಉಳಿಯಬೇಕಾಗುತ್ತಿತ್ತು.

ಆಟದ ಕಟ್ಟಳೆ ಬೇಡವೆನಿಸಿದವರು ಸುಮ್ಮನೆ ಕೂರಲಿಲ್ಲ. ಆಟಗಾರರೇ ಬರೆದು ಆಟಕ್ಕೆ ಹೊಂದಿಸುವ ತಿದ್ದುಪಡಿಯ ಕಡತಕ್ಕೆ ‘ಮಾಡ್’ ಎನ್ನುತ್ತಾರೆ. ಮ್ಯಾಕ್ಸಿಸ್ ಇದಕ್ಕೆ ಮೊದಲಿನಿಂದಲೂ ಬಾಗಿಲು ತೆರೆದಿಟ್ಟಿತ್ತು; ಮೊದಲ ಸಿಮ್ಸ್ ಅಂಗಡಿಗೆ ಬರುವ ಮುಂಚೆಯೇ ಬಟ್ಟೆಬರೆ ತಯಾರಿಸುವ ಉಪಕರಣಗಳನ್ನು ಆಟಗಾರರ ಕೈಗೆ ಕೊಟ್ಟಿತ್ತು. ಕುರ್ಚಿ, ಗೋಡೆ, ಲಂಗಗಳಿಂದ ಶುರುವಾದ ಕೆಲಸ ಬೇಗನೆ ನಡತೆಯ ನಿಯಮಗಳಿಗೆ ಕೈಹಾಕಿತು. ‘ಸಿಮ್ಸ್ 2’ರ ಕಾಲದಲ್ಲಿ ‘ಸಿಮ್‌ಪಿಇ’ ಎಂಬ ಉಪಕರಣ ಹಿಡಿದು ಜನ ವಂಶವೃಕ್ಷದ ಕೊಂಡಿಗಳನ್ನೇ ಬಿಚ್ಚಿ ಕಟ್ಟಿದರು. ತಂದೆಯ ಹೆಸರು ಅಳಿಸಬಹುದಿತ್ತು, ಹೊಸ ಅಣ್ಣನನ್ನು ಸೇರಿಸಬಹುದಿತ್ತು. ಕೈ ತಪ್ಪಿದರೆ ಇಡೀ ಊರಿನ ಸೇವ್ ಫೈಲ್ ಕೆಟ್ಟು ಕೂರುತ್ತಿತ್ತು.

2009ರ ‘ಸಿಮ್ಸ್ 3’ಕ್ಕೆ ಟ್ವಾಲನ್ ಎಂಬ ಅಂಕಿತನಾಮದ ಮಾಡರ್ ಬರೆದ ಎನ್‌ರಾಸ್ ಸರಣಿ ಇನ್ನೂ ಮುಂದೆ ಹೋಯಿತು. ಹತ್ತಿರದ ನೆಂಟರ ನಡುವಿನ ಪ್ರಣಯಕ್ಕೆ ಅವಕಾಶ ಕೊಡಬೇಕೇ ಬೇಡವೇ ಎಂಬುದು ಅದರಲ್ಲಿ ಒಂದು ಸೆಟ್ಟಿಂಗ್. ಅದೇ ಸರಣಿಯ ‘ಸ್ಟೋರಿ ಪ್ರೋಗ್ರೆಷನ್’ ಮಾಡ್‌ನಲ್ಲಿ ಊರಿನ ಜನರನ್ನು ಗುಂಪುಗಳಾಗಿ ವಿಂಗಡಿಸಿ ಒಂದೊಂದು ಗುಂಪಿಗೆ ಒಂದೊಂದು ಕಟ್ಟಳೆ ವಿಧಿಸುವ ಸೌಲಭ್ಯವಿತ್ತು. ಆ ಗುಂಪುಗಳಿಗೆ ಮಾಡರ್ ಇಟ್ಟ ಹೆಸರು ‘ಕಾಸ್ಟ್’. ಸಮಾಜವನ್ನು ನಡೆಸಲು ಕೂತ ಪ್ರೋಗ್ರಾಮರನೊಬ್ಬ ಎಲ್ಲೆಲ್ಲೋ ಸುತ್ತಿ ಕೊನೆಗೆ ಜಾತಿಯ ಹತ್ತಿರ ಬಂದು ನಿಂತದ್ದನ್ನು ಕಂಡು ಭಾರತದ ಓದುಗನಿಗೆ ನಗು ಬಂದರೆ ಅದು ಸಹಜ.

‘ಸಿಮ್ಸ್ 4’ 2014ರ ಸೆಪ್ಟೆಂಬರಿನಲ್ಲಿ ಬಂದಾಗ ಅದರಲ್ಲಿ ವಂಶವೃಕ್ಷವೇ ಇರಲಿಲ್ಲ. ಆಟಗಾರರು ಗಲಾಟೆ ಮಾಡಿದ ಮೇಲೆ 2015ರ ಜನವರಿಯ ಅಪ್‌ಡೇಟಿನಲ್ಲಿ ಅದು ಸೇರಿತು. ಈ ಆಟದ ಸ್ಕ್ರಿಪ್ಟುಗಳು ಪೈಥಾನ್ ಭಾಷೆಯಲ್ಲಿರುವುದರಿಂದ ಮಾಡ್ ಬರೆಯುವವರ ಸಂಖ್ಯೆಯೂ ಬೆಳೆಯಿತು. ಡೆಡರ್‌ಪೂಲ್ ಎಂಬ ಅಂಕಿತನಾಮದಲ್ಲಿ ಬಂದ ‘ಎಂಸಿ ಕಮಾಂಡ್ ಸೆಂಟರ್’ ನೆರೆಹೊರೆಯವರ ಮದುವೆ, ಬಸಿರು, ಊರು ಬಿಡುವುದು ಎಲ್ಲವನ್ನೂ ತಾನೇ ನಡೆಸುತ್ತದೆ. ಲುಂಪಿನೂ ಎಂಬ ಮಾಡರ್‌ನ ಮಾಡ್ ಸಂಬಂಧ ಮತ್ತು ಗರ್ಭಧಾರಣೆಯ ವ್ಯವಸ್ಥೆಯನ್ನೇ ಹೊಸದಾಗಿ ಹೆಣೆಯುತ್ತದೆ. ಕಂಪನಿ ಒಂದೊಂದು ಪ್ಯಾಚ್ ಬಿಟ್ಟಾಗಲೂ ಆಟ ಎಲ್ಲ ಮಾಡ್‌ಗಳನ್ನು ತಾನಾಗಿ ಆಫ್ ಮಾಡುತ್ತದೆ. ಬರೆದವರು ಮತ್ತೆ ಕೂತು ಹೊಂದಿಸಬೇಕು. ಹಾಗೆಂದು ತಪ್ಪುವುದು ಮಾಡರುಗಳು ಮಾತ್ರವಲ್ಲ. 2022ರ ಜುಲೈ ಕೊನೆಯ ಅಧಿಕೃತ ಅಪ್‌ಡೇಟಿನಲ್ಲಿ ಸಿಮ್‌ಗಳಿಗೆ ‘ಬಯಕೆ’ಗಳ ಹೊಸ ವ್ಯವಸ್ಥೆ ಬಂತು, ಅದರೊಂದಿಗೆ ಒಂದು ದೋಷವೂ ಬಂತು: ಸ್ವಂತ ಮನೆಯವರ ಮೇಲೆಯೇ ಪ್ರಣಯದ ಬಯಕೆ. ಕಂಪನಿ ಮುಜುಗರಪಟ್ಟು ಕೆಲವೇ ದಿನಗಳಲ್ಲಿ ಅದನ್ನು ಸರಿಪಡಿಸಿತು.

ಹಾಗಾದರೆ ಒಂದು ಮಾಡ್ ಹಾಕಿದರೆ ಅಲ್ಲಾಳಸಂದ್ರದ ವಂಶಾವಳಿ ಆಟದೊಳಗೆ ಕೂರುತ್ತದೆಯೇ? ಇಲ್ಲ. ಇಡೀ ವಿಷಯದ ಸ್ವಾರಸ್ಯವಿರುವುದು ಇಲ್ಲಿಯೇ.

ನಿರ್ಬಂಧ ತೆಗೆಯುವ ಮಾಡ್‌ಗಳು ಪರೀಕ್ಷೆಯನ್ನೇ ಕಿತ್ತುಹಾಕುತ್ತವೆ. ಆದರೆ ದಕ್ಷಿಣದ ಪದ್ಧತಿ ಪರೀಕ್ಷೆ ಇಲ್ಲದ ಪದ್ಧತಿಯಲ್ಲ. ಅದರ ಪರೀಕ್ಷೆ ಕ್ಯಾಲಿಫೋರ್ನಿಯಾದ ಪರೀಕ್ಷೆಗಿಂತ ಬಿಗಿ. ಆಟದ ಕೋಡಿಗೆ ಚಿಕ್ಕಪ್ಪನ ಮಗಳೂ ಸೋದರಮಾವನ ಮಗಳೂ ಒಂದೇ, ಇಬ್ಬರೂ ‘ಕಸಿನ್’. ಕನ್ನಡದ ಮನೆಯಲ್ಲಿ ಒಬ್ಬಳು ತಂಗಿ, ಇನ್ನೊಬ್ಬಳು ಮದುವೆಗೆ ಮೊದಲು ನೆನಪಾಗುವವಳು. ಕೊಂಡಿಯಾಗಿರುವ ಹಿರಿಯರಿಬ್ಬರು ಅಣ್ಣತಮ್ಮಂದಿರಾದರೆ ಅಥವಾ ಅಕ್ಕತಂಗಿಯರಾದರೆ ಅವರ ಮಕ್ಕಳು ಒಡಹುಟ್ಟಿದವರ ಸಮ. ಒಬ್ಬರು ಗಂಡು, ಒಬ್ಬರು ಹೆಣ್ಣಾದರೆ ಆ ಮಕ್ಕಳು ವರಸೆಗೆ ಬರುತ್ತಾರೆ. ಕಸಿನ್ ಮದುವೆಯ ನಿಷೇಧವನ್ನು ಮಾಡ್ ಒಂದೇ ಏಟಿಗೆ ತೆಗೆದರೆ ದೊಡ್ಡಪ್ಪನ ಮಗಳನ್ನೂ ಮದುವೆಯಾಗಬಹುದು ಎಂದಾಗುತ್ತದೆ. ಊರಿನಲ್ಲಿ ಅಂಥದ್ದು ನಡೆದಿದ್ದರೆ ಪಂಚಾಯಿತಿ ಸೇರುತ್ತಿತ್ತು.

ಸೋಜಿಗವೆಂದರೆ ಮಾಡ್ ಹಾಕದ ಮೂಲ ಆಟವೂ ಊರಿನ ಕಣ್ಣಿಗೆ ಸಭ್ಯವಲ್ಲ. ಅಜ್ಜಂದಿರು ಅಣ್ಣತಮ್ಮಂದಿರು, ಅಪ್ಪಂದಿರು ದಾಯಾದಿಗಳು. ಅವರ ಮಕ್ಕಳು ಪರಸ್ಪರ ಮದುವೆಯಾಗಲು ಆಟದ ಅಭ್ಯಂತರವಿಲ್ಲ, ಏಕೆಂದರೆ ಅಷ್ಟು ದೂರ ಅದು ಲೆಕ್ಕ ಇಡುವುದಿಲ್ಲ. ಅಲ್ಲಾಳಸಂದ್ರದಲ್ಲಿ ಆ ಲೆಕ್ಕಕ್ಕೆ ಕೊನೆಯೇ ಇಲ್ಲ. ಐದು ತಲೆಮಾರು ಕಳೆದರೂ ದಾಯಾದಿಯ ಮಗಳು ತಂಗಿಯೇ. ಇತ್ತ ತಾಯಿಯ ಚಿಕ್ಕಪ್ಪನ ಮಗ ತಾಯಿಗೆ ತಮ್ಮನಾದ್ದರಿಂದ ಮಕ್ಕಳಿಗೆ ಸೋದರಮಾವ. ಅವನ ಮಗಳು ವರಸೆಗೆ ಬರುತ್ತಾಳೆ. ಆಟ ಬೇಡವೆಂದದ್ದು ಇಲ್ಲಿ ಬೇಕು, ಆಟ ಸರಿಯೆಂದದ್ದು ಇಲ್ಲಿ ಮಹಾಪರಾಧ.

ಅತ್ತೆ, ಮಾವ, ಅಳಿಯ, ಸೊಸೆ ಎಂಬ ಒಂದೊಂದು ಹೆಸರೂ ಹುಟ್ಟಿನ ನೆಂಟನ್ನೂ ಮದುವೆಯ ನೆಂಟನ್ನೂ ಒಟ್ಟಿಗೆ ಹೊತ್ತಿರುವುದು ಈ ಲೆಕ್ಕದ ಫಲ. ಅಮೆರಿಕದ ವಕೀಲ, ಮಾನವಶಾಸ್ತ್ರಜ್ಞ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಪ್ರಕಟಿಸಿದ ನೆಂಟಸ್ತಿಕೆಯ ಬೃಹತ್ ಕೋಷ್ಟಕಗಳಲ್ಲಿ ತಮಿಳು, ತೆಲುಗಿನ ಜೊತೆ ಕನ್ನಡದ ಹೆಸರುಗಳೂ ಇದ್ದವು. ಥಾಮಸ್ ಟ್ರೌಟ್‌ಮನ್ 1981ರಲ್ಲಿ ದ್ರಾವಿಡ ನೆಂಟಸ್ತಿಕೆಯ ಬಗ್ಗೆ ಬರೆದ ಗ್ರಂಥ ಈ ವ್ಯವಸ್ಥೆಯನ್ನು ಹೆಚ್ಚುಕಡಿಮೆ ಬೀಜಗಣಿತದಂತೆ ಬಿಡಿಸಿಟ್ಟಿತು. ಪ್ರೋಗ್ರಾಮರ್ ಓದಿದರೆ ನೇರವಾಗಿ ಕೋಡ್ ಬರೆದುಕೊಳ್ಳಬಹುದು.

ಈ ಕಟ್ಟಳೆ ಎಷ್ಟು ಹಳೆಯದು ಎನ್ನುವುದಕ್ಕೆ ಒಳ್ಳೆಯ ಸಾಕ್ಷಿ ಬೌಧಾಯನ ಧರ್ಮಸೂತ್ರ. ದಕ್ಷಿಣದವರಿಗೇ ವಿಶಿಷ್ಟವಾದ ಐದು ಆಚಾರಗಳನ್ನು ಅದು ಹೆಸರಿಸುತ್ತದೆ. ಹೆಂಡತಿಯೊಂದಿಗೆ ಕೂತು ಉಣ್ಣುವುದು, ತಂಗಳು ತಿನ್ನುವುದು ಇವುಗಳ ಜೊತೆ ಸೋದರಮಾವನ ಮಗಳನ್ನು, ಸೋದರತ್ತೆಯ ಮಗಳನ್ನು ಮದುವೆಯಾಗುವುದೂ ಆ ಪಟ್ಟಿಯಲ್ಲಿದೆ. ಉತ್ತರದವರಿಗೂ ಅವರದೇ ಐದು ಆಚಾರಗಳುಂಟು. ಅಲ್ಲಿನದನ್ನು ಇಲ್ಲಿ ಮಾಡಿದರೆ ದೋಷ, ಇಲ್ಲಿನದನ್ನು ಅಲ್ಲಿ ಮಾಡಿದರೆ ದೋಷ. ಎರಡು ಸಾವಿರ ವರ್ಷಗಳ ಹಿಂದಿನ ಈ ಗ್ರಂಥಕಾರನಿಗೆ ಒಂದೇ ನಿಯಮ ಎಲ್ಲ ಊರಿಗೂ ಒಗ್ಗದು ಎಂಬುದು ಗೊತ್ತಿತ್ತು, ಮ್ಯಾಕ್ಸಿಸ್‌ಗೆ ಹೊಳೆಯಲಿಲ್ಲ. ಮುಂದೆ ಕುಮಾರಿಲ ಭಟ್ಟ ಮಾವನ ಮಗಳು ಸಿಕ್ಕಳೆಂದು ಹಿಗ್ಗುವ ದಾಕ್ಷಿಣಾತ್ಯರನ್ನು ಗೇಲಿ ಮಾಡಿದ. ಅದಕ್ಕೆ ಉತ್ತರವೆಂಬಂತೆ 14ನೆಯ ಶತಮಾನದ ವಿಜಯನಗರದಲ್ಲಿ ಮಾಧವಾಚಾರ್ಯರು ‘ಪರಾಶರಮಾಧವೀಯ’ದಲ್ಲಿ ವೇದಮಂತ್ರಗಳನ್ನೇ ಆಧಾರವಾಗಿಟ್ಟು ಈ ಮದುವೆಯನ್ನು ಸಮರ್ಥಿಸಿದರು.

ಅರಮನೆಗಳೂ ಹೊರತಾಗಿರಲಿಲ್ಲ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ರಾಣಿ ತ್ರಿಪುರಿಯ ಕಲಚುರಿ ದೊರೆ ಕೊಕ್ಕಲ್ಲನ ಮಗಳು. ಅವರ ಮಗ ಜಗತ್ತುಂಗ ಮದುವೆಯಾದ ಲಕ್ಷ್ಮಿ ಕೊಕ್ಕಲ್ಲನ ಮಗ ರಣವಿಗ್ರಹನ ಮಗಳು, ಅಂದರೆ ಸ್ವಂತ ಸೋದರಮಾವನ ಮಗಳು. ಜಗತ್ತುಂಗನ ಮಗ ಮುಮ್ಮಡಿ ಇಂದ್ರ ಮದುವೆಯಾದ ವಿಜಾಂಬೆ ಕೂಡ ಅದೇ ಕೊಕ್ಕಲ್ಲನ ಸಂತತಿ. ರಾಷ್ಟ್ರಕೂಟರ ರಾಜಧಾನಿ ಮಳಖೇಡದ ಅರಮನೆ ಮೂರು ತಲೆಮಾರು ಒಂದೇ ಮನೆಯಿಂದ ಹೆಣ್ಣು ತಂದಿತು. ಜಬಲ್ಪುರದ ಬಳಿಯ ಆ ಉತ್ತರದ ಮನೆ ಮಾವನ ಮಗಳ ಮದುವೆಗೆ ಒಪ್ಪಿತು ಎಂಬುದು ರಾಷ್ಟ್ರಕೂಟರ ತೋಳ್ಬಲದ ಬಗ್ಗೆಯೂ ಏನನ್ನೋ ಹೇಳುತ್ತದೆ.

ಇಲ್ಲಿಯವರೆಗಿನದು ಒಂದೇ ನಿಯಮದ ಕಥೆಯಂತೆ ಕಂಡರೆ ಘಟ್ಟ ಇಳಿದು ನೋಡಬೇಕು. ಬಯಲುಸೀಮೆಯಲ್ಲಿ ಗೋತ್ರ, ಕುಲ, ಬೆಡಗುಗಳು ತಂದೆಯಿಂದ ಮಕ್ಕಳಿಗೆ ಬರುತ್ತವೆ. ಅಕ್ಕನ ಮಗಳಿಗೆ ಅವಳ ತಂದೆಯ ಕುಲ, ಸೋದರಮಾವನದು ಬೇರೆ, ಆದ್ದರಿಂದ ಮದುವೆ ಸಲೀಸು. ತುಳುನಾಡಿನಲ್ಲಿ, ಕಾಸರಗೋಡಿನವರೆಗೂ, ಅಳಿಯಸಂತಾನದ ಬಂಟ, ಬಿಲ್ಲವ ಮುಂತಾದ ಸಮುದಾಯಗಳಲ್ಲಿ ‘ಬಳಿ’ ಎಂಬ ಕುಲ ಬರುವುದು ತಾಯಿಯಿಂದ. ಮಾವನೂ ಅಕ್ಕನ ಮಗಳೂ ಒಂದೇ ಬಳಿ. ಅಲ್ಲಿ ಆ ಮದುವೆ ಯೋಚಿಸಲಿಕ್ಕೂ ಆಗದ್ದು, ಆದರೆ ಮಾವನ ಮಗಳು ಬೇರೆ ಬಳಿಯವಳಾದ್ದರಿಂದ ಆಗಬಹುದು. ಒಂದೇ ರಾಜ್ಯದಲ್ಲಿ ಮೂಡಣದವರಿಗೆ ಶ್ರೇಷ್ಠವಾದ ಸಂಬಂಧ ಪಡುವಣದವರಿಗೆ ನಿಷಿದ್ಧ.

ಅಳಿಯಸಂತಾನದ ಹುಟ್ಟಿಗೆ ಜನ ಹೇಳುವ ಕಥೆ ಭೂತಾಳಪಾಂಡ್ಯನದು. ಕುಂಡೋದರನೆಂಬ ಭೂತ ಬಲಿ ಕೇಳಿತಂತೆ. ಅರಸನ ಹೆಂಡತಿ ತನ್ನ ಮಗನನ್ನು ಕೊಡಲೊಲ್ಲೆನೆಂದಳು, ತಂಗಿ ತನ್ನ ಮಗನನ್ನು ಮುಂದೆ ತಂದು ನಿಲ್ಲಿಸಿದಳು. ಅಂದಿನಿಂದ ಆಸ್ತಿ ಮಗನಿಗಲ್ಲ, ಅಳಿಯನಿಗೆ ಎಂದು ಕಟ್ಟು ಮಾಡಲಾಯಿತು. ಕಥೆಯನ್ನು ಇತಿಹಾಸವೆಂದು ಯಾರೂ ನಂಬಬೇಕಿಲ್ಲ. ಕಟ್ಟು ಮಾತ್ರ ನಿಜ. 1949ರಲ್ಲಿ ಮದರಾಸು ಸರ್ಕಾರ ಅಳಿಯಸಂತಾನ ಕಾಯಿದೆಯನ್ನೇ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅದಕ್ಕೆಂದೇ ಪ್ರತ್ಯೇಕ ಕಲಮುಗಳನ್ನು ಇಟ್ಟಿತು.

ಇದನ್ನೆಲ್ಲ ಆಟಗಾರರು ಕೋಡ್ ಇಲ್ಲದೆಯೂ ಆಡಿದ್ದಾರೆ. ಸಿಮ್ಸ್ ಲೋಕದಲ್ಲಿ ‘ಲೆಗಸಿ ಚಾಲೆಂಜ್’ ಎಂಬುದು ಪ್ರಸಿದ್ಧ: ಪಿನ್‌ಸ್ಟಾರ್ ಎಂಬ ಅಂಕಿತನಾಮದ ಆಟಗಾರ ಕಟ್ಟಿದ, ಹತ್ತು ತಲೆಮಾರು ಒಂದೇ ಮನೆತನವನ್ನು ನಡೆಸುವ ಪಂದ್ಯ. ವಾರಸುದಾರ ಗಂಡೋ ಹೆಣ್ಣೋ, ಹಿರಿಯನೋ ಕಿರಿಯನೋ ಎಂಬ ಕಟ್ಟಳೆಗಳನ್ನು ಮೊದಲೇ ಆರಿಸಿಕೊಂಡು ಅದಕ್ಕೆ ಬದ್ಧರಾಗಿರಬೇಕು. ಕೇವಲ ಹೆಣ್ಣುಮಕ್ಕಳ ಮೂಲಕ ಮನೆತನ ನಡೆಸುವ ಆಯ್ಕೆಯೂ ಅದರಲ್ಲಿದೆ. ಉಡುಪಿಯ ಗುತ್ತಿನ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ.

ಯಲಹಂಕ ಹೋಬಳಿಯ ಒಂದೇ ಬೀದಿಯಲ್ಲಿ ಇನ್ನೂ ಬೇರೆ ಪಟ್ಟಿಗಳಿವೆ. ಮುಸಲ್ಮಾನರ ಮನೆಯಲ್ಲಿ ಚಿಕ್ಕಪ್ಪನ ಮಗಳೂ ಆಗಬಹುದು, ಮಾವನ ಮಗಳೂ ಆಗಬಹುದು, ಆದರೆ ಅಕ್ಕನ ಮಗಳನ್ನು ಕುರ್‌ಆನ್ ಸ್ಪಷ್ಟವಾಗಿ ನಿಷೇಧಿಸಿದೆ. ಕ್ಯಾಥೊಲಿಕ್ಕರಲ್ಲಿ ಈ ನೆಂಟರು ಯಾರೂ ಆಗುವುದಿಲ್ಲ, ಮಾವನ ಮಗಳಾದರೆ ಚರ್ಚಿನಿಂದ ವಿನಾಯಿತಿ ಪಡೆಯಬೇಕು. ಮೂರು ಮನೆ, ಮೂರು ಕೋಡು.

ಮೈಸೂರು ಸಂಸ್ಥಾನದಲ್ಲಿ ಈ ಕಟ್ಟಳೆಗಳನ್ನು ಜಾತಿವಾರು ಬರೆಸಿದವರು ಎಚ್.ವಿ. ನಂಜುಂಡಯ್ಯ. ಅವರು ಮುಂದೆ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯೂ ಆದರು. 20ನೆಯ ಶತಮಾನದ ಆರಂಭದಲ್ಲಿ ಅವರು ಹೊರತಂದ ಕಿರುಪುಸ್ತಕಗಳನ್ನು ಎಲ್.ಕೆ. ಅನಂತಕೃಷ್ಣ ಅಯ್ಯರ್ ಸಂಪುಟಗಳಾಗಿ ಬೆಳೆಸಿದರು. ಯಲಹಂಕ ನಾಡಪ್ರಭುಗಳ ಕುಲವಾದ ಮೊರಸು ಒಕ್ಕಲಿಗರನ್ನೂ ಸೇರಿ ಹಲವು ಜಾತಿಗಳ ವಿವರ ಅಲ್ಲಿದೆ. ಜಾತಿಯಿಂದ ಜಾತಿಗೆ ಮತ್ತೆ ಮತ್ತೆ ಬರುವ ಒಂದು ಕಟ್ಟಳೆ ಗಮನ ಸೆಳೆಯುತ್ತದೆ: ಅಕ್ಕನ ಮಗಳಾದರೆ ಸರಿ, ತಂಗಿಯ ಮಗಳಾದರೆ ಬೇಡ. ಸಿಮ್ಸ್ ಆಟದ ಕೋಡು ಇಷ್ಟು ಸೂಕ್ಷ್ಮಕ್ಕೆ ಇಳಿದಿಲ್ಲ. 1942ರಲ್ಲಿ ಎಂ.ಎನ್. ಶ್ರೀನಿವಾಸರ ಮೊದಲ ಪುಸ್ತಕ ಬಂತು, ಮೈಸೂರಿನ ಮದುವೆ ಮತ್ತು ಕುಟುಂಬದ ಮೇಲೆಯೇ.

ಪದ್ಧತಿಯ ಹಿಂದೆ ಪ್ರೀತಿ ಇತ್ತು, ಹೊಲವೂ ಇತ್ತು. ತಾಯಿಯ ತವರಿಗೇ ಸೊಸೆಯಾಗಿ ಬಂದ ಹುಡುಗಿಗೆ ಅತ್ತೆಯೆಂದರೆ ಸ್ವಂತ ಅಜ್ಜಿ. ಆಸ್ತಿ ಚದುರುತ್ತಿರಲಿಲ್ಲ. ವರದಕ್ಷಿಣೆಯ ಚೌಕಾಸಿ ಕಡಿಮೆ. ಆದರೆ ಇದನ್ನು ಚೆಂದವಾಗಿ ಮಾತ್ರ ಚಿತ್ರಿಸುವುದು ಅಪ್ರಾಮಾಣಿಕತೆ. ಹುಟ್ಟಿದಾಗಲೇ ‘ಇವಳು ಇವನಿಗೆ’ ಎಂದು ಗೊತ್ತುಮಾಡಿದ ಕಡೆ ಹುಡುಗಿಯನ್ನು ಕೇಳುವ ರೂಢಿ ಎಲ್ಲಿಯದು? ಮೈಸೂರು ಸಂಸ್ಥಾನ 1894ರಲ್ಲಿ ತಂದ ಬಾಲ್ಯವಿವಾಹ ನಿಷೇಧದ ರೆಗ್ಯುಲೇಷನ್ 8 ವರ್ಷದೊಳಗಿನ ಹುಡುಗಿಯರ ಮದುವೆಯನ್ನೂ, 50 ದಾಟಿದ ಗಂಡಸರು 14 ವರ್ಷದೊಳಗಿನವರನ್ನು ಮದುವೆಯಾಗುವುದನ್ನೂ ತಡೆಯಿತು. ಅಂಥ ಕಾಯಿದೆ ಬೇಕಾಯಿತು ಎಂಬುದೇ ಆ ಕಾಲದ ಸ್ಥಿತಿಗೆ ಸಾಕ್ಷಿ. ವಯಸ್ಸಿನ ಈ ನಿಯಮ ಬದಲಾದದ್ದು ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ.

ಸ್ವತಂತ್ರ ಭಾರತದ 1955ರ ಹಿಂದೂ ವಿವಾಹ ಕಾಯಿದೆ ಮೇಲ್ನೋಟಕ್ಕೆ ಸಿಮ್ಸ್ ಆಟದಂತೆಯೇ ಇದೆ. ಮಾವ-ಸೊಸೆ, ಅತ್ತೆ-ಅಳಿಯ, ಒಡಹುಟ್ಟಿದವರ ಮಕ್ಕಳು, ಎಲ್ಲರೂ ನಿಷೇಧಿತ ಸಂಬಂಧದ ಪಟ್ಟಿಯಲ್ಲಿದ್ದಾರೆ. ಮೀರಿದರೆ ಒಂದು ತಿಂಗಳವರೆಗೆ ಸಾದಾ ಸಜೆ ಅಥವಾ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ 5ನೆಯ ಕಲಮಿನಲ್ಲಿ ಒಂದು ಸಣ್ಣ ವಾಕ್ಯಖಂಡವಿದೆ: ಇಬ್ಬರನ್ನೂ ಆಳುವ ರೂಢಿ ಅಥವಾ ಬಳಕೆ ಅನುಮತಿಸಿದರೆ ನಿಷೇಧ ಅನ್ವಯಿಸದು. ದಕ್ಷಿಣದ ಲಕ್ಷಾಂತರ ಮದುವೆಗಳು ನಿಂತಿರುವುದು ಆ ವಾಕ್ಯಖಂಡದ ಮೇಲೆ. 1954ರ ವಿಶೇಷ ವಿವಾಹ ಕಾಯಿದೆಯಲ್ಲಿ ಇಂಥ ವಿನಾಯಿತಿ ಮೊದಲು ಇರಲಿಲ್ಲ, 1963ರಲ್ಲಿ ಸೇರಿತು. ಸಂಸತ್ತು ಮೂಲ ಆಟವನ್ನು ಕೊಟ್ಟು, ಮಾಡ್ ಹಾಕಿಕೊಳ್ಳುವ ಸ್ವಾತಂತ್ರ್ಯವನ್ನು ಊರಿಗೆ ಬಿಟ್ಟಿತು ಎನ್ನಬಹುದು. ಕೋರ್ಟಿನಲ್ಲಿ ಮಾತ್ರ ಆ ರೂಢಿ ಬಹುಕಾಲದಿಂದ ಎಡೆಬಿಡದೆ ನಡೆದುಬಂದದ್ದು ಎಂದು ತೋರಿಸಬೇಕು.

ಆಟದ ಲೋಕದಲ್ಲಿ ಇದಕ್ಕೆ ಹತ್ತಿರ ಬಂದದ್ದು ಸಿಮ್ಸ್ ಅಲ್ಲ, ಸ್ಟಾಕ್‌ಹೋಮಿನ ಪ್ಯಾರಡಾಕ್ಸ್ ಕಂಪನಿಯ ‘ಕ್ರುಸೇಡರ್ ಕಿಂಗ್ಸ್’. ಅರಸು ಮನೆತನಗಳನ್ನು ತಲೆಮಾರುಗಟ್ಟಲೆ ನಡೆಸುವ ಆಟವದು. 2014ರ ‘ರಾಜಾಸ್ ಆಫ್ ಇಂಡಿಯಾ’ ವಿಸ್ತರಣೆಯೊಂದಿಗೆ ಭರತಖಂಡವೂ ಅದರ ಭೂಪಟಕ್ಕೆ ಸೇರಿತು. 2020ರ ಮೂರನೆಯ ಆವೃತ್ತಿಯಲ್ಲಿ ಒಂದೊಂದು ಮತಕ್ಕೂ ರಕ್ತಸಂಬಂಧದ ಒಂದು ಸಿದ್ಧಾಂತವಿದೆ: ಹತ್ತಿರದವರು ಬೇಡವೇ ಬೇಡ, ಕಸಿನ್ ಆಗಬಹುದು, ಮಾವ-ಸೊಸೆಯೂ ಆಗಬಹುದು, ಯಾವ ಮಿತಿಯೂ ಇಲ್ಲ. ಮೂರನೆಯದಕ್ಕೆ ಪ್ರತ್ಯೇಕ ಹೆಸರು ಕೊಟ್ಟದ್ದನ್ನು ಮೆಚ್ಚಬೇಕು. ಈ ಕಟ್ಟಳೆಗಳು ಸಾದಾ ಪಠ್ಯ ಕಡತಗಳಲ್ಲಿರುವುದರಿಂದ ತಿದ್ದುವುದೂ ಸುಲಭ. ಆದರೆ ಇಲ್ಲಿಯೂ ಕಸಿನ್ ಎಂದರೆ ಕಸಿನ್ನೇ. ಚಿಕ್ಕಪ್ಪನ ಕಡೆಯೋ ಮಾವನ ಕಡೆಯೋ ಆಟ ಕೇಳುವುದಿಲ್ಲ. ಹಾಗಾಗಿ ರಾಷ್ಟ್ರಕೂಟರ ಪಾತ್ರ ವಹಿಸಿದ ಆಟಗಾರ ಜಗತ್ತುಂಗನಿಗೆ ಲಕ್ಷ್ಮಿಯನ್ನು ತರುವಷ್ಟೇ ಸುಲಭವಾಗಿ ಚಿಕ್ಕಪ್ಪನ ಮಗಳನ್ನೂ ತಂದುಬಿಡಬಹುದು. ಮಳಖೇಡದಲ್ಲಿ ಅದು ನಡೆಯುತ್ತಿರಲಿಲ್ಲ.

ಕ್ರುಸೇಡರ್ ಕಿಂಗ್ಸ್‌ನಲ್ಲಿ ಒಳಸಂಬಂಧ ಹೆಚ್ಚಾದರೆ ಮಕ್ಕಳಿಗೆ ದೌರ್ಬಲ್ಯದ ಗುಣ ಅಂಟುತ್ತದೆ; ಸಿಮ್ಸ್‌ನಲ್ಲಿ ಅಂಥ ಲೆಕ್ಕವಿಲ್ಲ. ನಿಜಜೀವನದ ಲೆಕ್ಕವನ್ನು ಉತ್ತರ ಬೆಂಗಳೂರಿನಲ್ಲೇ ಇಟ್ಟರು. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಎನ್. ಅಪ್ಪಾಜಿರಾವ್, ತಳಿಶಾಸ್ತ್ರಜ್ಞ ಎ.ಎಚ್. ಬಿಟಲ್ಸ್ ಮತ್ತು ಸಂಗಡಿಗರು 1980ರಿಂದ 1989ರವರೆಗೆ ಬೆಂಗಳೂರು, ಮೈಸೂರುಗಳಲ್ಲಿ 1 ಲಕ್ಷ 7 ಸಾವಿರಕ್ಕೂ ಹೆಚ್ಚು ದಂಪತಿಗಳ ಮಾಹಿತಿ ಕಲೆಹಾಕಿದರು. ಶೇ. 31.4ರಷ್ಟು ಮದುವೆಗಳು ರಕ್ತಸಂಬಂಧದವು. ಹೆಚ್ಚಿನವು ಎರಡೇ ಬಗೆ: ಸೋದರಮಾವನ ಜೊತೆ, ಇಲ್ಲವೇ ಸೋದರಮಾವನ ಮಗಳ ಜೊತೆ. ಇದು ಹಳ್ಳಿಯ ಕಥೆಯಲ್ಲ, ನಗರದ ಆಸ್ಪತ್ರೆಗಳ ಕಥೆ. ಒಡಹುಟ್ಟಿದವರ ಮಕ್ಕಳ ಮದುವೆಯಲ್ಲಿ ಹುಟ್ಟುವ ಮಗುವಿನಲ್ಲಿ 16ರಲ್ಲಿ 1 ಪಾಲು ಜೀನ್ ಜೋಡಿಗಳು ಒಂದೇ ಮೂಲದಿಂದ ಬಂದಿರುತ್ತವೆ. ಮಾವ-ಸೊಸೆಯ ಮದುವೆಯಲ್ಲಿ 8ರಲ್ಲಿ 1 ಪಾಲು. ಅಡಗಿರುವ ಕಾಯಿಲೆ ಹೊರಬೀಳುವ ಅಪಾಯ ಅದಕ್ಕೆ ತಕ್ಕಂತೆ ಏರುತ್ತದೆ. ಈಗ ಅಲ್ಲಾಳಸಂದ್ರದ ಮಗ್ಗುಲಲ್ಲೇ, ಜಿಕೆವಿಕೆ ಆವರಣದೊಳಗೆ, ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರವಿದೆ. ತಳಿಶಾಸ್ತ್ರದ ಮಾತು ಊರಿಗೆ ದೂರದ್ದಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೂ ಕರ್ನಾಟಕದ ಮದುವೆಗಳಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚು ಒಳಸಂಬಂಧದವೇ. ಆದರೂ ಮಾವ-ಸೊಸೆಯ ಮದುವೆಗೆ ನಿಜವಾದ ಪೆಟ್ಟು ಕೊಡುತ್ತಿರುವುದು ಕಾನೂನೂ ಅಲ್ಲ, ವೈದ್ಯರೂ ಅಲ್ಲ, ಮಕ್ಕಳ ಸಂಖ್ಯೆ. ಎಂಟು ಮಕ್ಕಳ ಮನೆಯಲ್ಲಿ ಹಿರಿಯಕ್ಕನ ಮಗಳಿಗೂ ಕೊನೆಯ ತಮ್ಮನಿಗೂ ವಯಸ್ಸು ಹೊಂದುತ್ತಿತ್ತು. ಇಬ್ಬರೇ ಮಕ್ಕಳಿರುವ ಮನೆಯಲ್ಲಿ ಆ ತಮ್ಮನೇ ಇಲ್ಲ, ಇದ್ದರೂ ಸೊಸೆ ಬೆಳೆಯುವ ಹೊತ್ತಿಗೆ ಅವನಿಗೆ ಐವತ್ತು.

ಪದ್ಧತಿ ಹೀಗೆ ಹಿಂದೆ ಸರಿಯುವಾಗ ಅದರ ಲೆಕ್ಕಾಚಾರವೂ ಮರೆಯಾಗುತ್ತದೆ. ಆ ಮದುವೆಗಳು ಮತ್ತೆ ಹೆಚ್ಚಲಿ ಎಂದು ಯಾರೂ ಬಯಸಬೇಕಿಲ್ಲ, ಆದರೆ ಲೆಕ್ಕವನ್ನು ದಾಖಲಿಸಲು ವಂಶವೃಕ್ಷವಿರುವ ಆಟಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಸಿಮ್ಸ್ 4ರ ಮೂಲ ಆಟ 2022ರ ಅಕ್ಟೋಬರಿನಿಂದ ಉಚಿತ. ಪ್ರತಿ ಸಿಮ್‌ನ ತಂದೆತಾಯಿ ಯಾರು, ಹೆಣ್ಣೋ ಗಂಡೋ ಎಂಬ ಮಾಹಿತಿ ಅದರಲ್ಲಿ ಮೊದಲೇ ಇದೆ. ವರಸೆ ಕಂಡುಹಿಡಿಯಲು ಮುಖ್ಯವಾಗಿ ಬೇಕಾದದ್ದು ಅದೇ. ಇಬ್ಬರು ತಾಯಂದಿರಿರುವ ಮನೆಗೂ ಲೆಕ್ಕ ತಪ್ಪುವುದಿಲ್ಲ, ಎರಡೂ ಕಡೆಯ ಅಣ್ಣತಮ್ಮಂದಿರು ಸೋದರಮಾವಂದಿರಾಗುತ್ತಾರೆ, ಅಷ್ಟೇ. ಕುಲ ತಂದೆಯಿಂದಲೋ ತಾಯಿಯಿಂದಲೋ ಎಂಬ ಒಂದು ಸ್ವಿಚ್ ಇಟ್ಟರೆ ಯಲಹಂಕವೂ ಉಡುಪಿಯೂ ಒಂದೇ ಮಾಡ್‌ನಲ್ಲಿ ನಡೆಯುತ್ತವೆ. ಪೈಥಾನ್ ಬಲ್ಲ, ಮನೆಯ ಹಿರಿಯರೊಂದಿಗೆ ಒಂದು ಮಧ್ಯಾಹ್ನ ಕೂರಬಲ್ಲ ಯಾರಾದರೂ ಇದನ್ನು ಬರೆಯಬಹುದು. ಅಕ್ಕನ ಮಗಳೋ ತಂಗಿಯ ಮಗಳೋ ಎಂಬ ತಕರಾರನ್ನು ಬೇಕಾದರೆ ಎರಡನೆಯ ಆವೃತ್ತಿಗೆ ಬಿಡಲಿ.